ಭಾನುವಾರ ತೆರೆದಿರುವ ಬಾಗಿಲು

ಭಾನುವಾರ ಸಣ್ಣ ಊರಿನ ಸರ್ಕಾರ ನಿದ್ದೆ ಹೋಗಿರುತ್ತದೆ. ಅಂಚೆ ಕಚೇರಿಗೆ ಬೀಗ, ಬ್ಯಾಂಕಿಗೆ ಬೀಗ. ತಾಲ್ಲೂಕು ಕಚೇರಿಯ ಆವರಣದಲ್ಲಿ ದನಗಳು ಮಲಗಿ ಮೆಲುಕು ಹಾಕುತ್ತಿರುತ್ತವೆ. ಆಸ್ಪತ್ರೆ, ಪೊಲೀಸ್ ಠಾಣೆ, ಬಸ್ ನಿಲ್ದಾಣಗಳನ್ನು ಬಿಟ್ಟರೆ ಅಂದು ತೆರೆದಿರುವ ಸರ್ಕಾರಿ ಬಾಗಿಲು ಸಾಮಾನ್ಯವಾಗಿ ಒಂದೇ, ಅದು ಸಾರ್ವಜನಿಕ ಗ್ರಂಥಾಲಯದ್ದು. ಕರ್ನಾಟಕದ ಹೆಚ್ಚಿನ ಸಾರ್ವಜನಿಕ ಗ್ರಂಥಾಲಯಗಳಿಗೆ ವಾರದ ರಜೆ ಸೋಮವಾರ. ಶಾಲೆಗೆ ಹೋಗುವ ಮಕ್ಕಳಿಗೆ, ಕೆಲಸಕ್ಕೆ ಹೋಗುವ ತಂದೆ ತಾಯಿಗೆ ಬಿಡುವಾದ ದಿನವೇ ಓದುವ ಮನೆ ತೆರೆದಿರಬೇಕು ಎಂದು ಯಾರೋ ಯೋಚಿಸಿದ್ದರ ಫಲ ಇದು. ಹೀಗೆ ಯೋಚಿಸಿದವರಿದ್ದರು ಎಂಬುದನ್ನೇ ಊರು ಮರೆತಿದೆ, ಅಷ್ಟೇ.

ಒಳಗೆ ಹೋದರೆ ಕಾಣುವ ನೋಟ ಹೆಚ್ಚು ಕಡಿಮೆ ಎಲ್ಲ ಊರಲ್ಲೂ ಒಂದೇ. ಉದ್ದನೆಯ ಮೇಜಿನ ಸುತ್ತ ಹಿರಿಯರು. ಒಬ್ಬರ ಕೈಯಲ್ಲಿ ಪತ್ರಿಕೆಯ ಮುಖಪುಟ, ಎದುರಿಗಿನವರ ಕೈಯಲ್ಲಿ ಕ್ರೀಡಾಪುಟ, ಮೂರನೆಯವರು ಒಳಪುಟಕ್ಕಾಗಿ ಕಾಯುತ್ತಿದ್ದಾರೆ. ಪಕ್ಕದ ಕೋಣೆಯಲ್ಲಿ ಇಪ್ಪತ್ತರ ಆಸುಪಾಸಿನ ಯುವಕರು, ನೀರಿನ ಬಾಟಲಿ ಮತ್ತು ತಾವೇ ಕೊಂಡು ತಂದ ದಪ್ಪ ಗೈಡುಗಳೊಂದಿಗೆ. ಅವರಿಗೆ ಬೇಕಾದದ್ದು ಗ್ರಂಥಾಲಯದ ಪುಸ್ತಕವಲ್ಲ, ಅಲ್ಲಿನ ಕುರ್ಚಿ, ಫ್ಯಾನು, ಮೌನ. ಬೀರುಗಳಿಗೆ ಬೀಗವಿಲ್ಲದಿದ್ದರೂ ಬೀಗ ಇರುವಂತೆ ತೋರುತ್ತದೆ. ಮಕ್ಕಳು ಕಾಣುವುದು ಅಪರೂಪ. ಹೆಂಗಸರು ಕಾಣುವುದು ಇನ್ನೂ ಅಪರೂಪ.

ಇಂಥ ಕೋಣೆಯಲ್ಲಿ ವಾರಕ್ಕೊಮ್ಮೆ ಒಂದು ಗಂಟೆ ಮಕ್ಕಳಿಗೆ ಕಥೆ ಓದಿ ಹೇಳಿದರೆ, ಒಂದು ಮೂಲೆಯಲ್ಲಿ ಚದುರಂಗದ ಮಣೆ ಹಾಸಿದರೆ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಮುಂದೇನು ಓದಬಹುದೆಂದು ತಿಳಿದವರೊಬ್ಬರು ಬಂದು ಮಾತನಾಡಿದರೆ ಏನಾಗುತ್ತದೆ? ಊಹೆಗೆ ಬಿಡಬೇಕಾದ ಪ್ರಶ್ನೆಯಲ್ಲ ಇದು. ರಾಜ್ಯದ ಹಳ್ಳಿಗಳಲ್ಲಿ ಕೆಲವು ವರ್ಷಗಳಿಂದ ಇದು ನಡೆದಿದೆ. ಸಣ್ಣ ಊರುಗಳೇ ಹಿಂದೆ ಬಿದ್ದಿವೆ ಎನ್ನಬೇಕಾಗಿದೆ.

2019ರಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ಅಂಥವು 5,600ಕ್ಕೂ ಹೆಚ್ಚು. ಬಹಳಷ್ಟು ಕಡೆ ಅವು ಹೆಸರಿಗೆ ಮಾತ್ರ ಇದ್ದವು. ಒಂದು ಕೋಣೆ, ಎರಡು ಪತ್ರಿಕೆ, ದಿನಕ್ಕೆ ಕೆಲವೇ ಗಂಟೆ ಬಾಗಿಲು ತೆಗೆದು ಅಲ್ಪ ಗೌರವಧನ ಪಡೆಯುವ ಒಬ್ಬ ಮೇಲ್ವಿಚಾರಕ. ಮರುವರ್ಷ ಕೋವಿಡ್ ಬಂತು, ಶಾಲೆಗಳು ಮುಚ್ಚಿದವು. ಮೊಬೈಲ್ ಇದ್ದ ಮನೆಯ ಮಕ್ಕಳು ಹೇಗೋ ಪಾಠ ಕೇಳಿದರು, ಇಲ್ಲದ ಮನೆಯ ಮಕ್ಕಳು ದನದ ಹಿಂದೆ ಹೋದರು. ಆ ಹೊತ್ತಿನಲ್ಲಿ, 2020ರ ನವೆಂಬರ್ 14ರ ಮಕ್ಕಳ ದಿನದಂದು, 'ಓದುವ ಬೆಳಕು' ಎಂಬ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದೊಳಗಿನ ಮಕ್ಕಳಿಗೆ ಗ್ರಂಥಾಲಯದ ಸದಸ್ಯತ್ವ ಉಚಿತ, ಠೇವಣಿ ಕೇಳುವಂತಿಲ್ಲ. ಪುಸ್ತಕ ಕೊಡುವುದರ ಜೊತೆಗೆ ಗಟ್ಟಿಯಾಗಿ ಓದಿಸುವುದು, ಕಥೆ ಹೇಳುವುದು, ಚಿತ್ರ ಬಿಡಿಸುವುದು, ರಸಪ್ರಶ್ನೆ, ಚದುರಂಗ, ಇವೂ ಗ್ರಂಥಾಲಯದ ಕೆಲಸವೆಂದು ಒಪ್ಪಿಕೊಳ್ಳಲಾಯಿತು. ಪುಸ್ತಕ ಸಾಲದಾದಾಗ 'ಪುಸ್ತಕ ಜೋಳಿಗೆ' ಎಂಬ ಹೆಸರಿನಲ್ಲಿ ಊರವರಿಂದ ಪುಸ್ತಕ ಬೇಡಿ ತಂದರು. ಜೋಳಿಗೆ ಹಿಡಿದು ಮನೆ ಮುಂದೆ ನಿಲ್ಲುವುದು ಈ ನಾಡಿಗೆ ಹೊಸದೇನಲ್ಲ. ಜೋಳಿಗೆಗೆ ಬೀಳುವ ವಸ್ತು ಮಾತ್ರ ಹೊಸದು. ಲಕ್ಷಗಟ್ಟಲೆ ಮಕ್ಕಳು ಹೆಸರು ಬರೆಸಿದರು. ಈಗ ಈ ಗ್ರಂಥಾಲಯಗಳಿಗೆ 'ಅರಿವು ಕೇಂದ್ರ' ಎಂಬ ಹೆಸರು ಬಂದಿದೆ.

ಎಲ್ಲ ಕೇಂದ್ರಗಳೂ ಒಂದೇ ಮಟ್ಟದಲ್ಲಿ ನಡೆಯುತ್ತಿವೆ ಎಂದು ಇದರ ಅರ್ಥವಲ್ಲ. ಮೇಲಿನಿಂದ ಸೂಚನೆ ಬಂತೆಂದು ಹತ್ತು ಮಕ್ಕಳನ್ನು ಸಾಲಾಗಿ ಕೂರಿಸಿ, ಕೈಗೆ ಪುಸ್ತಕ ಕೊಟ್ಟು, ಫೋಟೊ ತೆಗೆದು ಕಳುಹಿಸಿ, ಪುಸ್ತಕ ವಾಪಸು ಪಡೆದು ಮನೆಗೆ ಅಟ್ಟುವ ಕಡೆಗಳೂ ಇರುತ್ತವೆ. ಮೇಲ್ವಿಚಾರಕರು ಆಸಕ್ತಿ ವಹಿಸಿದ ಕಡೆ, ಊರವರು ಜೊತೆಗೂಡಿದ ಕಡೆ ಮಾತ್ರ ಬೆಳಕು ಹೊತ್ತಿದೆ. ಆದರೆ ಒಂದು ಮಾತು ಸಾಬೀತಾಗಿದೆ. ಮಕ್ಕಳಿಗೆ ಓದುವ ಹಂಬಲವಿಲ್ಲ ಎಂದು ದೊಡ್ಡವರು ಹೇಳುತ್ತ ಬಂದದ್ದು ಸುಳ್ಳು. ಬಾಗಿಲು ತೆರೆದು ಒಳಗೆ ಕರೆದರೆ ಅವರು ಬರುತ್ತಾರೆ.

ಗ್ರಂಥಾಲಯ ಇಂಥದ್ದನ್ನೆಲ್ಲ ಮಾಡಬೇಕೆ, ಪುಸ್ತಕ ಕೊಟ್ಟರೆ ಸಾಲದೆ ಎಂದು ಕೇಳುವವರುಂಟು. ಈ ಪ್ರಶ್ನೆಗೆ ನೂರು ವರ್ಷಕ್ಕೂ ಹಿಂದೆಯೇ ಬರೋಡಾದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ಉತ್ತರ ಕೊಟ್ಟಿದ್ದರು. 1910ರಲ್ಲಿ ಅವರು ಅಮೆರಿಕದಿಂದ ವಿಲಿಯಂ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿ ತಮ್ಮ ರಾಜ್ಯದುದ್ದಕ್ಕೂ ಗ್ರಂಥಾಲಯಗಳ ಜಾಲ ಹೆಣೆಸಿದರು. ಗ್ರಂಥಾಲಯವಿಲ್ಲದ ಹಳ್ಳಿಗಳಿಗೆ ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ಹೋಗುತ್ತಿದ್ದವು. ಅಕ್ಷರ ಬಾರದವರ ಪಾಡೇನು? ಅವರಿಗೆಂದೇ ಗ್ರಂಥಾಲಯ ಇಲಾಖೆಯೊಳಗೆ ಒಂದು ವಿಭಾಗವಿತ್ತು. ಅದು ಊರೂರಿಗೆ ಹೋಗಿ ಮಾಯಾದೀಪದ ಚಿತ್ರಗಳನ್ನು, ಚಲನಚಿತ್ರಗಳನ್ನು ಪುಕ್ಕಟೆಯಾಗಿ ತೋರಿಸುತ್ತಿತ್ತು. ಓದಲು ಬಾರದವನೂ ಗ್ರಂಥಾಲಯದ ಬಳಕೆದಾರನೇ ಎಂಬ ತಿಳಿವಳಿಕೆ ಅಂದೇ ಇತ್ತು. ಹಳೆಯ ಮೈಸೂರು ರಾಜ್ಯದಲ್ಲೂ 1940ರ ದಶಕದಲ್ಲಿ ವಯಸ್ಕರ ಶಿಕ್ಷಣದ ಚಳವಳಿ ಹಳ್ಳಿಗಳಲ್ಲಿ ವಾಚನಾಲಯಗಳನ್ನು ತೆರೆದಿತ್ತು.

ಇನ್ನು ಎಸ್.ಆರ್. ರಂಗನಾಥನ್. ಭಾರತದ ಗ್ರಂಥಾಲಯಗಳ ಮಾತು ಬಂದಾಗ ಅವರ ಹೆಸರು ಬಾರದಿರಲು ಸಾಧ್ಯವಿಲ್ಲ. ವಿದ್ಯಾರ್ಥಿಗಳು ಅವರ ಜೀವನದ ಒಂದು ಘಟನೆಯನ್ನು ತಿಳಿದಿರುವುದು ಒಳ್ಳೆಯದು. ರಂಗನಾಥನ್ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತದ ಮೇಷ್ಟರು. 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ನೇಮಕಗೊಂಡರು. ಸಂಬಳ ಹೆಚ್ಚು, ಕೆಲಸ ಕಡಿಮೆ. ಒಂದು ವಾರ ಕಳೆಯುವುದರೊಳಗೆ ಅವರಿಗೆ ಆ ಕುರ್ಚಿ ಬೇಸರ ತರಿಸಿತು. ಮಾತನಾಡಿಸುವವರಿಲ್ಲ, ಪ್ರಶ್ನೆ ಕೇಳುವ ಹುಡುಗರಿಲ್ಲ, ಪುಸ್ತಕಗಳ ನಡುವೆ ಒಂಟಿ ಜೀವ. ತಮ್ಮನ್ನು ಮತ್ತೆ ಪಾಠ ಹೇಳಲು ಬಿಡಿ ಎಂದು ಹಿಂದಿನ ಕಾಲೇಜಿಗೆ ಹೋಗಿ ಕೇಳಿಕೊಂಡರು. ಮೊದಲು ಇಂಗ್ಲೆಂಡಿಗೆ ಹೋಗಿ ಗ್ರಂಥಾಲಯದ ವಿದ್ಯೆ ಕಲಿತು ಬನ್ನಿ, ಆಮೇಲೂ ಬೇಡವೆನಿಸಿದರೆ ನೋಡೋಣ ಎಂಬ ಉತ್ತರ ಬಂತು. ಹೋದರು. ಅಲ್ಲಿ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಕೂಲಿಕಾರರು, ಹೆಂಗಸರು, ಮಕ್ಕಳು ಎಲ್ಲರೂ ಅಲ್ಲಿಗೆ ಬರುತ್ತಿದ್ದುದು ಅವರ ಕಣ್ಣು ತೆರೆಸಿತು. ಲಂಡನ್ನಿನ ಒಂದು ಅಂಗಡಿಯಲ್ಲಿ ಮಕ್ಕಳ ಮೆಕ್ಯಾನೊ ಆಟಿಕೆ ಕಂಡು, ಅದೇ ತುಂಡುಗಳನ್ನು ಬೇರೆ ಬೇರೆಯಾಗಿ ಜೋಡಿಸಿದರೆ ಬೇರೆ ಬೇರೆ ಯಂತ್ರಗಳಾಗುವುದನ್ನು ಗಮನಿಸಿ, ಪುಸ್ತಕಗಳ ವಿಂಗಡಣೆಗೆ ಅವರು ಹೊಸ ದಾರಿ ಕಂಡುಕೊಂಡದ್ದೂ ಆಗಲೇ.

ಮರಳಿ ಬಂದ ರಂಗನಾಥನ್ ಕಾಲೇಜಿಗೆ ಹೋಗುವ ಮಾತೆತ್ತಲಿಲ್ಲ. ತಮ್ಮ ಗ್ರಂಥಾಲಯವನ್ನು ರಜಾ ದಿನಗಳೂ ಸೇರಿ ಬೆಳಗಿನಿಂದ ರಾತ್ರಿಯವರೆಗೆ ತೆರೆದಿಟ್ಟರು. ಅವರ ಐದು ಸೂತ್ರಗಳ ಪುಸ್ತಕ 1931ರಲ್ಲಿ ಪ್ರಕಟವಾಯಿತು. ಪುಸ್ತಕ ಇರುವುದು ಬಳಕೆಗೆ, ಜೋಪಾನಕ್ಕಲ್ಲ ಎಂಬುದು ಅವುಗಳಲ್ಲಿ ಮೊದಲನೆಯದರ ತಿರುಳು. ಅದೇ ವರ್ಷ ಮನ್ನಾರ್‌ಗುಡಿಯ ಬಳಿ ಎತ್ತಿನ ಗಾಡಿಯ ಮೇಲೆ ಗ್ರಂಥಾಲಯವೊಂದು ಹಳ್ಳಿ ಹಳ್ಳಿ ಸುತ್ತತೊಡಗಿತು. ರಂಗನಾಥನ್ ಅದರ ಬೆಂಬಲಕ್ಕಿದ್ದರು. ಅವರ ಕೊನೆಯ ವರ್ಷಗಳು ಕಳೆದದ್ದು ಬೆಂಗಳೂರಿನಲ್ಲಿ, 1972ರಲ್ಲಿ ತೀರಿಕೊಂಡದ್ದೂ ಅಲ್ಲಿಯೇ. ಒಂಟಿ ಕುರ್ಚಿಯಲ್ಲಿ ಕೂತು ಬೇಸತ್ತ ಗ್ರಂಥಪಾಲಕ ಇಂದಿಗೂ ಪ್ರತಿ ತಾಲ್ಲೂಕಿನಲ್ಲಿ ಸಿಗುತ್ತಾರೆ. ಅವರನ್ನು ಯಾರೂ ಇಂಗ್ಲೆಂಡಿಗೆ ಕಳುಹಿಸುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಉಚಿತ ಎಂಬ ಮಾತಿನ ಬಗ್ಗೆ ಪೋಷಕರಿಗೆ ಒಂದು ಅನುಮಾನ ಇದ್ದೇ ಇದೆ. ಕನ್ನಡದಲ್ಲಿ ಬಿಟ್ಟಿ ಎಂಬ ಪದಕ್ಕೆ ಅಂಟಿದ ಕೀಳುಭಾವ ಉಚಿತಕ್ಕೂ ಅಂಟಿಕೊಂಡಿದೆ. ಬೇಸಿಗೆ ಶಿಬಿರಕ್ಕೆ ಎರಡು ಮೂರು ಸಾವಿರ ಕೊಟ್ಟು ಸೇರಿಸಿದರೆ ಮಗು ಏನೋ ಕಲಿಯುತ್ತದೆ, ಪುಕ್ಕಟೆ ಶಿಬಿರಕ್ಕೆ ಕಳುಹಿಸಿದರೆ ಕಾಲಹರಣ ಎಂಬ ಲೆಕ್ಕ. ಆದರೆ ಗ್ರಂಥಾಲಯದ ಕಾರ್ಯಕ್ರಮ ಬಿಟ್ಟಿಯಲ್ಲ. ಅದಕ್ಕೆ ಊರಿನವರು ಮೊದಲೇ ಹಣ ಕೊಟ್ಟಿದ್ದಾರೆ. 1965ರಲ್ಲಿ ಆಗಿನ ಮೈಸೂರು ರಾಜ್ಯ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಮಾಡಿತು. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ವಸೂಲು ಮಾಡಬೇಕೆಂದು ಆ ಕಾಯಿದೆ ಹೇಳುತ್ತದೆ. ಈಗ ಅದು ತೆರಿಗೆಯ ಶೇ. 6ರಷ್ಟು. ಸಾವಿರ ರೂಪಾಯಿ ಕಂದಾಯ ಕಟ್ಟುವ ಮನೆಯವರು ಅದರ ಮೇಲೆ 60 ರೂಪಾಯಿ ಗ್ರಂಥಾಲಯಕ್ಕೆ ಕೊಡುತ್ತಾರೆ. ಬಾಡಿಗೆ ಮನೆಯಲ್ಲಿರುವವರೂ ಇದರಿಂದ ಹೊರತಲ್ಲ, ಮಾಲೀಕರು ಬಾಡಿಗೆಯಲ್ಲಿ ಅದನ್ನು ಸೇರಿಸದೆ ಬಿಡುವುದಿಲ್ಲ. ಕಂದಾಯದ ರಸೀದಿಯನ್ನು ಒಮ್ಮೆ ಬಿಡಿಸಿ ನೋಡಿದರೆ ಆ ಸಾಲು ಕಾಣುತ್ತದೆ. ಹೀಗೆ ವಸೂಲಾದ ಹಣ ಸ್ಥಳೀಯ ಸಂಸ್ಥೆಗಳಿಂದ ಗ್ರಂಥಾಲಯಕ್ಕೆ ಸಕಾಲದಲ್ಲಿ ತಲುಪುವುದಿಲ್ಲ ಎಂಬ ದೂರು ಬಹಳ ಹಳೆಯದು. ಕಟ್ಟಿದವರು ಕೇಳದಿದ್ದರೆ ಅದು ಇನ್ನೂ ಹಳೆಯದಾಗುತ್ತದೆ. ಯುನೆಸ್ಕೊ 1949ರಲ್ಲಿ ಮೊದಲು ಹೊರಡಿಸಿ, 1994ರಲ್ಲೂ 2022ರಲ್ಲೂ ಪರಿಷ್ಕರಿಸಿದ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆಯ ನಿಲುವೂ ಇದೇ: ಈ ಸೇವೆಗೆ ಬಳಸುವವರಿಂದ ಶುಲ್ಕ ಪಡೆಯಬಾರದು, ಹೊಣೆ ಸರ್ಕಾರದ್ದು ಮತ್ತು ಸ್ಥಳೀಯ ಆಡಳಿತದ್ದು.

ಕಾನೂನಿನ ಮಾತು ಅತ್ತ ಇರಲಿ. ಸಣ್ಣ ಊರಿನ ಗ್ರಂಥಾಲಯದಲ್ಲಿ ಕಥೆಯ ಗಂಟೆ ಶುರುವಾದೊಡನೆ ಎದುರಾಗುವ ಮೊದಲ ಜಗಳ ಮೌನದ್ದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯುವಕನ ಕಷ್ಟ ಸಣ್ಣದಲ್ಲ. ಅವನ ಮನೆಯಲ್ಲಿ ಓದಲು ಪ್ರತ್ಯೇಕ ಕೋಣೆ ಇಲ್ಲ. ಕೋಚಿಂಗಿಗೆ ಧಾರವಾಡಕ್ಕೋ ಬೆಂಗಳೂರಿಗೋ ಹೋಗುವಷ್ಟು ಹಣವಿಲ್ಲ. ವಯಸ್ಸಿನ ಮಿತಿ ಹತ್ತಿರ ಬರುತ್ತಿದೆ. ಅಂಥವನ ಪಕ್ಕದಲ್ಲಿ ಇಪ್ಪತ್ತು ಮಕ್ಕಳು ಕೂತು ನರಿಯಂತೆ ಊಳಿಟ್ಟರೆ ಅವನು ಸಿಟ್ಟಾಗುವುದು ಸಹಜ. 'ಇದೇನು ಲೈಬ್ರರಿಯೋ ಅಂಗನವಾಡಿಯೋ' ಎಂಬ ಮಾತು ಬಂದೇ ಬರುತ್ತದೆ. ಇಬ್ಬರಲ್ಲಿ ಯಾರದ್ದು ತಪ್ಪು ಎಂದು ತೀರ್ಮಾನಿಸಲು ಹೊರಟರೆ ಗ್ರಂಥಪಾಲಕರು ಗೊಂದಲ ಬೇಡವೆಂದು ಮಕ್ಕಳ ಕಾರ್ಯಕ್ರಮವನ್ನೇ ನಿಲ್ಲಿಸುತ್ತಾರೆ. ಹಾಗೆ ನಿಂತವು ಎಷ್ಟೋ.

ವೇಳೆ ಗೊತ್ತುಪಡಿಸುವುದರಲ್ಲಿ ಅರ್ಧ ಪರಿಹಾರವಿದೆ. ಭಾನುವಾರ ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಎಂದು ಒಂದು ವಾರ ಮೊದಲೇ ಫಲಕದಲ್ಲಿ ಬರೆದರೆ ಓದುವವನು ತನ್ನ ದಿನವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತಾನೆ. ಅಂಗಳವಿದ್ದರೆ, ಮರವಿದ್ದರೆ ಜಮಖಾನೆ ಹಾಸಿ ಹೊರಗೇ ಕೂರಬಹುದು. ಉಳಿದರ್ಧ ಪರಿಹಾರ ಆ ಯುವಕನೇ. ಸಾಮಾನ್ಯ ಜ್ಞಾನ, ಗಣಿತ, ಸಂವಿಧಾನ ಎಲ್ಲವನ್ನೂ ಅರೆದು ಕುಡಿಯುತ್ತಿರುವ ಅವನಿಗಿಂತ ಒಳ್ಳೆಯ ರಸಪ್ರಶ್ನೆ ನಡೆಸುವವರು ಊರಲ್ಲಿ ಬೇರೆ ಯಾರಿದ್ದಾರೆ? ತಿಂಗಳಿಗೊಂದು ಭಾನುವಾರ ಒಂದು ಗಂಟೆ ಹತ್ತನೆಯ ತರಗತಿಯವರಿಗೆ ಶೇಕಡಾವಾರು ಲೆಕ್ಕ ಹೇಳಿಕೊಟ್ಟರೆ ಅವನ ಲೆಕ್ಕವೂ ಗಟ್ಟಿಯಾಗುತ್ತದೆ. ತಾನು ಕಲಿತದ್ದು ತನಗೆ ನಿಜವಾಗಿ ಗೊತ್ತಿದೆಯೇ ಎಂದು ತಿಳಿಯಲು ಇನ್ನೊಬ್ಬರಿಗೆ ಹೇಳಿಕೊಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಎರಡನೆಯ ವಿಚಾರ ಜಗಳವಾಗಿ ಹೊರಗೆ ಕಾಣುವುದೇ ಇಲ್ಲ. ಆದ್ದರಿಂದ ಅದೇ ಹೆಚ್ಚು ಗಂಭೀರ. ಸಣ್ಣ ಊರಿನ ಗ್ರಂಥಾಲಯ ಗಂಡಸರ ಜಾಗ. ಯಾರೂ ಹಾಗೆಂದು ಫಲಕ ಹಾಕಿಲ್ಲ. ಆದರೆ ಬಾಗಿಲಲ್ಲಿ ಚಪ್ಪಲಿಗಳನ್ನು ನೋಡಿಯೇ ಹದಿನಾಲ್ಕು ವರ್ಷದ ಹುಡುಗಿ ಹಿಂದೆ ಸರಿಯುತ್ತಾಳೆ. ಒಳಗೆ ಹೋದರೆ ಪತ್ರಿಕೆಯ ಮೇಲಿನ ತಲೆಗಳೆಲ್ಲ ಒಮ್ಮೆ ಏಳುತ್ತವೆ. 'ಲೈಬ್ರರಿಗೆ ಹೋಗಿಬರ್ತೀನಿ' ಎಂದು ಮಗ ಹೇಳಿದರೆ ಮನೆಯಲ್ಲಿ ಯಾರೂ ತಲೆ ಎತ್ತುವುದಿಲ್ಲ. ಮಗಳು ಹೇಳಿದರೆ 'ಯಾರ ಜೊತೆ, ಎಷ್ಟು ಹೊತ್ತು, ಅಲ್ಲಿ ಯಾರ್ಯಾರಿರ್ತಾರೆ' ಎಂಬ ಮೂರು ಪ್ರಶ್ನೆ ಬರುತ್ತವೆ. ಮೂರನೆಯದಕ್ಕೆ ಅವಳ ಬಳಿ ಒಳ್ಳೆಯ ಉತ್ತರವಿರುವುದಿಲ್ಲ. ಏಳನೆಯ ತರಗತಿಯವರೆಗೆ ಶಾಲೆಯ ಕಪಾಟಿನಿಂದ ಒಂದಾದ ಮೇಲೊಂದು ಪುಸ್ತಕ ಓದುತ್ತಿದ್ದ ಹುಡುಗಿ ಪ್ರೌಢಶಾಲೆಗೆ ಬಂದ ಮೇಲೆ ಪಠ್ಯಪುಸ್ತಕವನ್ನಷ್ಟೇ ಓದುವಂತಾಗುವುದಕ್ಕೆ ಆಸಕ್ತಿ ಕುಂದಿದ್ದೇ ಕಾರಣವಲ್ಲ.

ಕಥೆಯ ಗಂಟೆ ಇಲ್ಲಿ ಯಾರೂ ಲೆಕ್ಕ ಹಾಕದ ಒಂದು ಕೆಲಸ ಮಾಡುತ್ತದೆ. ಆರು ವರ್ಷದ ತಮ್ಮನನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ ಕರೆತರುವ ಹೊಣೆ ಅಕ್ಕನ ಮೇಲೆ ಬೀಳುತ್ತದೆ. ಈಗ ಅವಳಿಗೆ ಅಲ್ಲಿಗೆ ಹೋಗಲು ಕಾರಣವಿದೆ, ಅನುಮತಿ ಕೇಳಬೇಕಿಲ್ಲ. ತಮ್ಮ ಕಥೆ ಕೇಳುವಷ್ಟು ಹೊತ್ತು ಅವಳು ಬೀರುವಿನ ಬಳಿ ನಿಲ್ಲುತ್ತಾಳೆ. ಒಂದು ಪುಸ್ತಕ ತೆಗೆಯುತ್ತಾಳೆ. ಮುಂದಿನ ಭಾನುವಾರ ಅದನ್ನು ಮುಗಿಸಲು ಬರುತ್ತಾಳೆ. ಅಲ್ಲಿ ಇಂಥ ಇನ್ನಿಬ್ಬರು ಅಕ್ಕಂದಿರು ಸಿಗುತ್ತಾರೆ. ಪತ್ರಿಕೆಯ ಮೇಲಿನ ತಲೆಗಳು ನಾಲ್ಕನೆಯ ವಾರ ಏಳುವುದಿಲ್ಲ, ಅಭ್ಯಾಸವಾಗಿರುತ್ತದೆ. ಚಿಕ್ಕ ಮಕ್ಕಳಿಗೆಂದು ಇಟ್ಟ ಕಾರ್ಯಕ್ರಮದಿಂದ ಹೆಚ್ಚು ಲಾಭವಾಗುವುದು ಅದಕ್ಕೆ ಹೆಸರೇ ಕೊಡದ ಈ ಹುಡುಗಿಗೆ. ತಾಯಿಯೂ ಒಂದೆರಡು ಸಲ ಜೊತೆಗೆ ಹೋಗಿ ಕೂತರೆ ಕೆಲಸ ಇನ್ನೂ ಸಲೀಸು. ಮೂರನೆಯ ಪ್ರಶ್ನೆಗೆ ಉತ್ತರ ಅವಳೇ ಕಂಡಿರುತ್ತಾಳೆ.

ಇದಕ್ಕೆ ಬೇಕಾದ ಏರ್ಪಾಡು ದೊಡ್ಡದಲ್ಲ. ಹೆಂಗಸರಿಗೆ, ಹುಡುಗಿಯರಿಗೆ ಗೋಡೆಗೆ ಮುಖ ಮಾಡದ ಒಂದು ಮೇಜು. ಸಂಜೆ ಕತ್ತಲಾಗುವ ಮೊದಲು ಮುಗಿಯುವ ವೇಳೆ. ಮತ್ತು ಬೀಗ ಹಾಕಿರದ, ನೀರಿರುವ ಶೌಚಾಲಯ. ಈ ಕೊನೆಯದನ್ನು ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕೂತು ಓದಬೇಕೆಂದಿರುವ ಹುಡುಗಿ ಎರಡು ಗಂಟೆಗೆ ಎದ್ದು ಹೋಗುವುದು ಏಕೆಂದು ಯೋಚಿಸಿದರೆ ತಾನೇ ತಿಳಿಯುತ್ತದೆ.

ಪೋಷಕರ ಇನ್ನೊಂದು ಪ್ರಶ್ನೆ ಎಲ್ಲರಿಗೂ ಗೊತ್ತಿರುವಂಥದ್ದು: ಇದರಿಂದ ಮಾರ್ಕ್ಸ್ ಬರುತ್ತದೆಯೇ? ಬರುತ್ತದೆ ಎಂದು ಮಾತು ಕೊಡುವವರನ್ನು ನಂಬಬೇಕಿಲ್ಲ. ಆದರೆ ಗಣಿತದಲ್ಲಿ ಸೋಲುವ ಎಷ್ಟೋ ಮಕ್ಕಳು ಲೆಕ್ಕದಲ್ಲಿ ಸೋಲುವುದಿಲ್ಲ, ಪ್ರಶ್ನೆಯ ವಾಕ್ಯದಲ್ಲಿ ಸೋಲುತ್ತಾರೆ ಎಂಬುದನ್ನು ಯಾವ ಮೇಷ್ಟರನ್ನು ಕೇಳಿದರೂ ಹೇಳುತ್ತಾರೆ. ಮೂರು ಸಾಲಿನ ಪ್ರಶ್ನೆಯಲ್ಲಿ ಕೊಟ್ಟಿದ್ದೇನು, ಕೇಳಿದ್ದೇನು ಎಂದು ಬಿಡಿಸಿಕೊಳ್ಳಲು ಉದ್ದದ ವಾಕ್ಯಗಳ ಪರಿಚಯ ಬೇಕು. ಅದು ಗೈಡಿನಲ್ಲಿ ಸಿಗುವುದಿಲ್ಲ, ಕಥೆಯಲ್ಲಿ ಸಿಗುತ್ತದೆ. ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ 'ಬಾಲ ಪ್ರಪಂಚ'ದಂಥ ದೊಡ್ಡ ಸಂಪುಟಗಳನ್ನು ಒಬ್ಬರೇ ಬರೆದು ಮುಗಿಸಿದ್ದು ಯಾವ ಪರೀಕ್ಷೆಯನ್ನೂ ಕಣ್ಣ ಮುಂದಿಟ್ಟುಕೊಂಡಲ್ಲ. ಅದನ್ನು ಓದಿ ಬೆಳೆದವರು ಪರೀಕ್ಷೆಗಳಲ್ಲಿ ಹಿಂದೆ ಬಿದ್ದರೆಂದು ಯಾರೂ ಹೇಳಿದ್ದಿಲ್ಲ.

ಕಥೆ ಹೇಳುವ ಬಗೆಯಲ್ಲಿ ಕೆಲವು ಸೂಕ್ಷ್ಮಗಳಿವೆ. ಬಾಯಿಂದ ಹೇಳುವ ಕಥೆಗೆ ಅಜ್ಜಿಯರೇ ಸರಿ. ಊರಿನಲ್ಲಿ ಒಗಟು, ಜನಪದ ಕಥೆ ಬಲ್ಲ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರನ್ನು ಕರೆದು ಕುರ್ಚಿಯ ಮೇಲೆ ಕೂರಿಸಿ ಮೈಕ್ ಕೊಟ್ಟರೆ ಅವರು ಬಾಯಿ ಬಿಡುವುದಿಲ್ಲ. ಮಕ್ಕಳ ನಡುವೆ ಚಾಪೆಯ ಮೇಲೆ ಕೂರಿಸಬೇಕು. ಪುಸ್ತಕದಿಂದ ಓದುವುದಾದರೆ ಚಿತ್ರ ಮಕ್ಕಳ ಕಡೆಗೆ ತಿರುಗಿರಬೇಕು, ಓದುವವರು ಬದಿಯಿಂದ ಓದಬೇಕು. ಕಥೆ ಬಿಗಿಯಾದ ಕಡೆ ಒಮ್ಮೆ ನಿಲ್ಲಿಸಿ 'ಮುಂದೇನಾಯ್ತು ಹೇಳಿ ನೋಡೋಣ' ಎಂದರೆ ಹತ್ತು ಕಥೆ ಹುಟ್ಟುತ್ತವೆ. ಓದಿ ಮುಗಿದ ಪುಸ್ತಕವನ್ನು ಬೀರುವಿಗೆ ಸೇರಿಸದೆ ಮಕ್ಕಳ ಕೈಗೆಟುಕುವ ಮೇಜಿನ ಮೇಲೆ ಬಿಡಬೇಕು. ಅಂದು ಹೆಚ್ಚು ಎಳೆದಾಡಿಸಿಕೊಳ್ಳುವ ಪುಸ್ತಕ ಅದೇ. ಕೇಳಿದ ಕಥೆಯನ್ನೇ ಮತ್ತೆ ಓದುವುದೇಕೆ ಎಂದು ದೊಡ್ಡವರಿಗೆ ಅನ್ನಿಸುತ್ತದೆ. ಅಕ್ಷರ ಈಗಷ್ಟೇ ಕೂಡಿಸುತ್ತಿರುವ ಮಗುವಿಗೆ ಗೊತ್ತಿರುವ ಕಥೆಯೇ ಊರುಗೋಲು, ಮುಂದಿನ ಪದ ಯಾವುದೆಂದು ಅದು ಊಹಿಸಬಲ್ಲುದು. 'ಇದರ ನೀತಿಯೇನು' ಎಂದು ಕೇಳುವ ಚಪಲವನ್ನು ಮಾತ್ರ ಓದುವವರು ಹತ್ತಿಕ್ಕಿಕೊಳ್ಳಬೇಕು. ಆ ಪ್ರಶ್ನೆ ಬಂದೊಡನೆ ಮಕ್ಕಳ ಮುಖದಲ್ಲಿ ಶಾಲೆ ಕಾಣಿಸಿಕೊಳ್ಳುತ್ತದೆ.

ದೊಡ್ಡ ಮಕ್ಕಳಿಗೆ ಕಥೆಗಿಂತ ಕೆಲಸದ ಮಾತು ಹಿಡಿಸುತ್ತದೆ. ಬ್ಯಾಂಕಿನವರೊಬ್ಬರು ಬಂದು ಚಲನ್ ತುಂಬುವುದು, ಖಾತೆ ತೆರೆಯುವುದನ್ನು ತೋರಿಸಬಹುದು. ವಿದ್ಯಾರ್ಥಿವೇತನದ ಅರ್ಜಿ ಈಗ ಕಂಪ್ಯೂಟರಿನಲ್ಲೇ ಹಾಕಬೇಕು. ಆಧಾರಿನಲ್ಲಿರುವ ಹೆಸರಿಗೂ ಶಾಲೆಯ ದಾಖಲೆಯ ಹೆಸರಿಗೂ ಒಂದಕ್ಷರ ವ್ಯತ್ಯಾಸವಾಗಿ ಹಣ ನಿಂತುಹೋದ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದಾರೆ. ಅರ್ಜಿಯ ಕಾಲದಲ್ಲಿ ಗ್ರಂಥಾಲಯದ ಕಂಪ್ಯೂಟರಿನ ಮುಂದೆ ತಿಳಿದವರೊಬ್ಬರು ಎರಡು ಭಾನುವಾರ ಕೂತರೆ ಆಗುವ ಉಪಕಾರ ಸಣ್ಣದಲ್ಲ. ಹತ್ತನೆಯ ತರಗತಿಯ ನಂತರ ಪಿಯುಸಿ ಒಂದೇ ದಾರಿಯಲ್ಲ, ಡಿಪ್ಲೊಮಾ ಇದೆ, ಐಟಿಐ ಇದೆ ಎಂಬುದನ್ನು ಆ ದಾರಿ ಹಿಡಿದವರ ಬಾಯಿಂದಲೇ ಕೇಳಿಸಬಹುದು. ಜನವರಿಯ ರಾತ್ರಿ ಆಕಾಶ ತಿಳಿಯಾಗಿರುವಾಗ ವಿಜ್ಞಾನದ ಮೇಷ್ಟರು ಅಂಗಳದಲ್ಲಿ ನಿಂತು ಮೃಗಶಿರೆಯನ್ನೂ ಕೃತ್ತಿಕೆಯನ್ನೂ ತೋರಿಸಲು ದೂರದರ್ಶಕ ಬೇಕಿಲ್ಲ. ಬೀದಿದೀಪ ಆರಿಸಿದರೆ ಸಾಕು. ಸಣ್ಣ ಊರುಗಳಲ್ಲಿ ಆ ಅನುಕೂಲ ಬಹಳ ಸಲ ತಾನಾಗಿಯೇ ಒದಗಿಬರುತ್ತದೆ.

ಪಕ್ಕದ ಕೇರಳದಲ್ಲಿ ಇಂಥದ್ದೆಲ್ಲ ಗ್ರಂಥಾಲಯದ ಹಕ್ಕಿನ ಕೆಲಸವೆಂದೇ ನಡೆದುಬಂದಿದೆ. ಪಿ.ಎನ್. ಪಣಿಕ್ಕರ್ 1945ರಲ್ಲಿ ಕಟ್ಟಿದ ಗ್ರಂಥಶಾಲಾ ಸಂಘದಿಂದ ಬೆಳೆದ ಊರೂರಿನ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಬಾಲವೇದಿ, ಹೆಂಗಸರಿಗೆ ವನಿತಾವೇದಿ ಇವೆ. ಪಣಿಕ್ಕರ್ ತೀರಿಕೊಂಡ ಜೂನ್ 19ನ್ನು ಅಲ್ಲಿ ವಾಚನ ದಿನವಾಗಿ ಆಚರಿಸುತ್ತಾರೆ. ಅಲ್ಲಿ ಗ್ರಂಥಾಲಯವನ್ನು ನಡೆಸುವವರು ಊರವರೇ ಆದ್ದರಿಂದ, ಕಾರ್ಯಕ್ರಮ ನಡೆಯದಿದ್ದರೆ ಕೇಳುವವರೂ ಊರವರೇ. ಕರ್ನಾಟಕದಲ್ಲಿ ಗ್ರಂಥಾಲಯ ಸರ್ಕಾರದ್ದು. ಅದರಿಂದ ಕಾಯಂ ಕಟ್ಟಡ, ಕಾನೂನಿನ ಆಧಾರ ಸಿಕ್ಕಿವೆ. ಊರವರು ಕೈ ಕಟ್ಟಿಕೊಂಡು ಕೂರುವ ಅಭ್ಯಾಸವೂ ಅದರೊಂದಿಗೇ ಬಂದಿದೆ.

ಇಲ್ಲೂ ಆಚರಣೆಗಳಿಗೇನೂ ಕೊರತೆಯಿಲ್ಲ. ರಂಗನಾಥನ್ ನೆನಪಿಗೆ ಆಗಸ್ಟ್ 12ರಂದು ಗ್ರಂಥಪಾಲಕರ ದಿನ, ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಸಪ್ತಾಹದ ಉದ್ಘಾಟನೆಗೆ ಶಾಲೆಯ ಮಕ್ಕಳನ್ನು ಬಿಸಿಲಲ್ಲಿ ಕೂರಿಸಿ, ಅತಿಥಿಗಳು ಒಂದು ಗಂಟೆ ತಡವಾಗಿ ಬಂದು, ಓದಿನ ಮಹತ್ವವನ್ನು ಕುರಿತು ಇನ್ನೊಂದು ಗಂಟೆ ಮಾತನಾಡುವುದುಂಟು. ಆ ಎರಡು ಗಂಟೆಯಲ್ಲಿ ಪ್ರತಿ ಮಗುವೂ ಒಂದು ಪುಸ್ತಕ ಓದಿ ಮುಗಿಸಬಹುದಿತ್ತು. ಸಪ್ತಾಹಕ್ಕೆ ಖರ್ಚು ಮಾಡುವ ಹಾರ, ಶಾಲುಗಳ ಹಣದಲ್ಲಿ ಮಕ್ಕಳ ಪುಸ್ತಕ ಕೊಂಡರೆ ಅತಿಥಿಗಳು ಬೇಸರಿಸಿಕೊಳ್ಳಬಹುದು, ಮಕ್ಕಳಂತೂ ಬೇಸರಿಸಿಕೊಳ್ಳುವುದಿಲ್ಲ.

ತಮ್ಮ ಊರಿನಲ್ಲಿ ಏನೂ ನಡೆಯುತ್ತಿಲ್ಲ ಎನ್ನುವ ಪೋಷಕರು ಮೊದಲು ಮಾಡಬಹುದಾದದ್ದು ಗ್ರಂಥಪಾಲಕರನ್ನು ಭೇಟಿಯಾಗುವುದು. ದೂರು ಹೊತ್ತು ಹೋಗಬಾರದು. ಒಬ್ಬರೇ ಬಾಗಿಲು ತೆಗೆದು, ಕಸ ಗುಡಿಸಿ, ಪತ್ರಿಕೆ ಹೊಂದಿಸಿ, ಪುಸ್ತಕ ಕೊಟ್ಟು, ಲೆಕ್ಕ ಬರೆದು, ಸಂಜೆ ಬೀಗ ಹಾಕುವವರಿಗೆ 'ಕಾರ್ಯಕ್ರಮ ಯಾಕೆ ಮಾಡೋದಿಲ್ಲ' ಎಂದು ಕೇಳಿದರೆ ಏನು ಉತ್ತರ ಬರುತ್ತದೆಂದು ಊಹಿಸಬಹುದು. 'ಸಾರ್, ತಿಂಗಳಿಗೆ ಎರಡು ಭಾನುವಾರ ನಾನು ಬಂದು ಮಕ್ಕಳಿಗೆ ಓದಿ ಹೇಳ್ತೀನಿ, ಜಾಗ ಕೊಡಿ' ಎಂದರೆ ಬರುವ ಉತ್ತರವೇ ಬೇರೆ. ನಿವೃತ್ತ ಶಿಕ್ಷಕರಿಗೆ, ಕಾಲೇಜು ಓದುವ ಹುಡುಗಿಯರಿಗೆ ಇದು ಹೇಳಿ ಮಾಡಿಸಿದ ಕೆಲಸ. ಮೊದಲ ವಾರ ಐದು ಮಕ್ಕಳು ಬಂದರೆ ನಿರಾಶರಾಗಬಾರದು. ಐದರಲ್ಲಿ ಮೂವರು ಗ್ರಂಥಪಾಲಕರ ಮಕ್ಕಳೇ ಆಗಿದ್ದರೂ ಸರಿ.

ಬೇಸಿಗೆ ರಜೆಯಲ್ಲಿ ಹಳ್ಳಿಯ ಅರಿವು ಕೇಂದ್ರಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಉಚಿತ ಶಿಬಿರಗಳೂ ನಡೆದಿವೆ. ಪೇಟೆಯವರು ರಜೆಗೆ ಮಕ್ಕಳನ್ನು ಅಜ್ಜಿಯ ಊರಿಗೆ ಕಳುಹಿಸುವಾಗ ಅಲ್ಲಿನ ಪಂಚಾಯಿತಿಯಲ್ಲಿ ವಿಚಾರಿಸಬಹುದು. ಶಿಬಿರದ ಬಗ್ಗೆ ಪರೀಕ್ಷೆ ಮುಗಿಯುವ ಮೊದಲೇ, ಮಾರ್ಚ್ ಕೊನೆಯಲ್ಲೇ ಕೇಳಿಟ್ಟುಕೊಳ್ಳುವುದು ಲೇಸು. ಹಳ್ಳಿಯ ಕೇಂದ್ರಗಳು ತೆರೆದಿರುವ ವೇಳೆ ಊರಿಂದೂರಿಗೆ ಬೇರೆ. ಪಟ್ಟಣದ ಗ್ರಂಥಾಲಯಕ್ಕಾದರೆ ಭಾನುವಾರವೇ ಹೋಗಬೇಕು. ಉತ್ಸಾಹ ತಡೆಯಲಾರದೆ ಮರುದಿನ ಹೋದರೆ ಬಾಗಿಲಲ್ಲಿ ಬೀಗ ಕಾಣುತ್ತದೆ.